ವಾಕ್ಯವನ್ನು ಮುಗಿಸುವ ಕ್ರಮ: ಬಿಡಿ ವಾಕ್ಯಗಳ ಜೋಡಣೆಗೂ ವಿರಾಮಚಿಹ್ನೆಗಳ ಬಳಕೆಗೂ ಒಂದು ಸಮಗ್ರ ಮಾರ್ಗದರ್ಶಿ

ಪಂಚಾಯತಿಗೆ ಕೊಡುವ ಅರ್ಜಿ, ಹತ್ತನೆಯ ತರಗತಿಯ ಪ್ರಬಂಧ, ಭಜನಾ ಮಂದಿರದ ವಾರ್ಷಿಕ ವರದಿ ಹೀಗೆ ಹಲವು ಬಗೆಯ ಬರಹಗಳು ತಿದ್ದುವುದಕ್ಕಾಗಿ ನನ್ನ ಮೇಜಿಗೆ ಬರುತ್ತವೆ. ಬರೆದವರ ವಯಸ್ಸೂ ಓದೂ ಬೇರೆಯಾಗಿದ್ದರೂ ತೊಡಕು ಒಂದೇ ಆಗಿರುತ್ತದೆ. ವಾಕ್ಯವು ಎಲ್ಲಿಯೋ ಆರಂಭವಾಗಿ, ‘ಹೋಗಿ’, ‘ಆಗಿ’, ‘ಇದ್ದು’ ಎಂದು ಮುಂದುವರಿದು, ಕ್ರಿಯಾಪದವನ್ನು ಮುಟ್ಟುವ ಮೊದಲೇ ನಿಂತುಬಿಡುತ್ತದೆ. ತಪ್ಪನ್ನು ತೋರಿಸಿಕೊಟ್ಟರೆ ಹೆಚ್ಚಿನವರು ನಡುನಡುವೆ ನಾಲ್ಕು ಅಲ್ಪವಿರಾಮಗಳನ್ನು ಸೇರಿಸಿ ಮರಳಿ ತರುತ್ತಾರೆ. ಅದರಿಂದ ವಾಕ್ಯ ಸರಿಹೋಗುವುದಿಲ್ಲ. ವಿರಾಮಚಿಹ್ನೆ ಹಾಕುವುದಕ್ಕೆ ಮೊದಲು ಐದು ಹಂತಗಳ ಕೆಲಸವಿದೆ. ಆ ಹಂತಗಳನ್ನು ಹಿಂದುಮುಂದು ಮಾಡಿದರೆ ಎಷ್ಟು ತಿದ್ದಿದರೂ ಬರಹ ತಿಳಿಯಾಗುವುದಿಲ್ಲ.

ಕೇರಳಕ್ಕೆ ಸೇರಿದ ಕಾಸರಗೋಡಿನಲ್ಲಿ ಕನ್ನಡ ಬರೆಯುವವರಿಗೆ ಇದು ಪರೀಕ್ಷೆಯ ಅಂಕಗಳ ಮಾತು ಮಾತ್ರವಲ್ಲ. ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ತನ್ನ ಕುಂದುಕೊರತೆಯನ್ನು ಅಧಿಕಾರಿಗೆ ಬರೆದು ಕೊಡುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ಪ್ರತಿಯೊಬ್ಬನಿಗೂ ಕೊಟ್ಟಿದೆ. ಆದರೆ ನಾವು ಕನ್ನಡದಲ್ಲಿ ಕೊಟ್ಟ ಅರ್ಜಿಯ ಸಾರವನ್ನು ಕಡತದಲ್ಲಿ ಮಲಯಾಳದಲ್ಲಿ ಬರೆದಿಡಬೇಕಾಗಿ ಬಂದಾಗ, ಯಾರು ಏನು ಮಾಡಿದರೆಂಬುದು ಅರ್ಜಿಯಲ್ಲಿಯೇ ಸ್ಪಷ್ಟವಾಗಿರದಿದ್ದರೆ, ಬರೆಯುವವರು ಊಹಿಸಿ ಬರೆಯಬೇಕಾಗುತ್ತದೆ. ಮುಂದಿನ ಟಿಪ್ಪಣಿಗಳೆಲ್ಲ ಆ ಊಹೆಯ ಮೇಲೆಯೇ ನಿಲ್ಲುತ್ತವೆ.

ಈ ಬರಹದುದ್ದಕ್ಕೂ ಒಂದೇ ಮಾದರಿಯನ್ನು ತಿದ್ದುತ್ತಾ ಹೋಗೋಣ. ಇದು ವಿವರಣೆಗಾಗಿ ನಾನೇ ಕಟ್ಟಿದ್ದು. ಆದರೆ ಇದರಲ್ಲಿರುವ ಒಂದೊಂದು ದೋಷವನ್ನೂ ಹತ್ತಾರು ಬರಹಗಳಲ್ಲಿ ಕಂಡಿದ್ದೇನೆ. ಇದರಲ್ಲಿ ಬರುವ ‘ತೋಡು’ ಎಂದರೆ ಸಣ್ಣ ಹಳ್ಳ, ‘ಸಂಕ’ ಎಂದರೆ ಅದನ್ನು ದಾಟಲು ಹಾಕಿದ ಕಿರುಸೇತುವೆ.

“ನಮ್ಮ ಬೈಲಿನ ತೋಡಿಗೆ ಹಾಕಿದ ಸಂಕ ಕಳೆದ ಜುಲೈ ತಿಂಗಳ ಮಳೆಗೆ ಮುರಿದು ಹೋಗಿ ಮಕ್ಕಳು ಶಾಲೆಗೆ ಹೋಗಲು ತುಂಬಾ ಕಷ್ಟವಾಗಿ ಎರಡು ಕಿಲೋಮೀಟರ್ ಸುತ್ತಿ ಹೋಗಬೇಕಾಗಿದ್ದು ಹಿಂದೆ ಅರ್ಜಿ ಕೊಟ್ಟು ಬಂದು ನೋಡಿ ಹೋಗಿ ಏನೂ ಮಾಡದೆ ಇದ್ದು ಆದುದರಿಂದ ದಯವಿಟ್ಟು.”

ಬೇಕಾಗುವ ಸಾಮಗ್ರಿ

ಗೆರೆ ಹಾಕಿದ ಕಾಗದ, ಅಳಿಸಬಹುದಾದ ಪೆನ್ಸಿಲು, ಬೇರೆ ಬಣ್ಣದ ಒಂದು ಪೆನ್ನು ಸಾಕು. ಇವುಗಳ ಜೊತೆಗೆ, ವಿಷಯ ಗೊತ್ತಿಲ್ಲದ ಒಬ್ಬ ಓದುಗ ಕೊನೆಯ ಹಂತದಲ್ಲಿ ಬೇಕು. ಮನೆಯವರಾದರೂ ಆದೀತು, ನೆರೆಕರೆಯವರಾದರೂ ಆದೀತು. ಮೊಬೈಲಿನಲ್ಲಿ ಬರೆಯುವ ಅಭ್ಯಾಸವಿರುವವರು ಮೊದಲ ನಾಲ್ಕು ಹಂತಗಳನ್ನಾದರೂ ಕಾಗದದ ಮೇಲೆ ಮಾಡುವುದು ಒಳ್ಳೆಯದು. ಸಣ್ಣ ಪರದೆಯಲ್ಲಿ ವಾಕ್ಯದ ಆರಂಭವೂ ಕೊನೆಯೂ ಒಟ್ಟಿಗೆ ಕಾಣುವುದಿಲ್ಲವಾದ್ದರಿಂದ, ಎಲ್ಲಿ ಆರಂಭಿಸಿದ್ದೇವೆಂಬುದೇ ಮರೆತುಹೋಗುತ್ತದೆ.

ಹಂತ 1: ಹೇಳಬೇಕಾದುದನ್ನು ಬಿಡಿ ವಾಕ್ಯಗಳಾಗಿ ಬಿಡಿಸಿ

ಒಂದು ಗೆರೆಯಲ್ಲಿ ಒಂದೇ ಸಂಗತಿಯನ್ನು ಬರೆಯಿರಿ. ಈ ಹಂತದಲ್ಲಿ ಅಂದವನ್ನು ನೋಡಬೇಡಿ. ಮಗುವಿನ ಮಾತಿನಂತೆ ಗಿಡ್ಡವಾಗಿದ್ದರೂ ಪ್ರತಿ ಗೆರೆಯೂ ಪೂರ್ಣವಿರಾಮದಲ್ಲಿ ಮುಗಿಯಬೇಕು. ಮೇಲಿನ ಮಾದರಿಯನ್ನು ಬಿಡಿಸಿದರೆ ಹೀಗಾಗುತ್ತದೆ:

ನಮ್ಮ ಬೈಲಿನ ತೋಡಿಗೆ ಒಂದು ಕಾಲುಸಂಕವಿತ್ತು.
ಅದು ಕಳೆದ ಜುಲೈ ತಿಂಗಳ ಮಳೆಗೆ ಮುರಿದುಬಿತ್ತು.
ಮಕ್ಕಳು ಆ ಸಂಕದ ಮೇಲಿಂದ ಶಾಲೆಗೆ ಹೋಗುತ್ತಿದ್ದರು.
ಈಗ ಅವರು 2 ಕಿಲೋಮೀಟರ್ ಸುತ್ತಿ ಹೋಗುತ್ತಾರೆ.
ನಾವು ಆಗಸ್ಟ್ ತಿಂಗಳಲ್ಲಿ ಒಂದು ಅರ್ಜಿ ಕೊಟ್ಟೆವು.
ಪಂಚಾಯತಿನ ಸಿಬ್ಬಂದಿ ಬಂದು ಸ್ಥಳವನ್ನು ನೋಡಿದರು.
ಕೆಲಸ ಇನ್ನೂ ಆರಂಭವಾಗಿಲ್ಲ.
ಮುಂದಿನ ಮಳೆಗಾಲಕ್ಕೆ ಮೊದಲು ಹೊಸ ಸಂಕವಾಗಬೇಕು.

ಬಿಡಿಸುವಾಗಲೇ ಎರಡು ಕೊರತೆಗಳು ಬಯಲಾದುದನ್ನು ಗಮನಿಸಿ. ಮೂಲದಲ್ಲಿ “ಅರ್ಜಿ ಕೊಟ್ಟು ಬಂದು ನೋಡಿ ಹೋಗಿ” ಎಂದಿತ್ತು. ಅರ್ಜಿ ಕೊಟ್ಟವರು ಯಾರು, ಬಂದು ನೋಡಿದವರು ಯಾರು ಎಂಬ ಎರಡೂ ಅಲ್ಲಿರಲಿಲ್ಲ. ಬರೆದವರಿಗೆ ಗೊತ್ತಿದ್ದ ಕಾರಣ ಅವರು ಬಿಟ್ಟುಬಿಟ್ಟಿದ್ದರು. ಬಿಡಿ ವಾಕ್ಯ ಬರೆಯುವಾಗ ‘ಯಾರು’ ಎಂಬ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲು ಸಾಧ್ಯವಾಗುವುದಿಲ್ಲ. ಈ ಹಂತದ ನಿಜವಾದ ಲಾಭ ಅದು.

ಹಂತ 2: ಪ್ರತಿ ವಾಕ್ಯವೂ ಮುಗಿದಿದೆಯೇ ಎಂದು ಪರೀಕ್ಷಿಸಿ

ಪ್ರತಿ ಗೆರೆಯ ಕೊನೆಯ ಪದವನ್ನು ಮಾತ್ರ ಪೆನ್ಸಿಲಿನಿಂದ ಸುತ್ತು ಹಾಕಿ ನೋಡಿ. ಕನ್ನಡದಲ್ಲಿ ವಾಕ್ಯ ಮುಗಿಯಿತೋ ಇಲ್ಲವೋ ಎಂಬುದನ್ನು ಆ ಪದವೇ ಹೇಳುತ್ತದೆ. ಅದು ಈ ಕೆಳಗಿನ ರೂಪಗಳಲ್ಲಿ ಒಂದಾಗಿದ್ದರೆ ವಾಕ್ಯ ಇನ್ನೂ ಮುಂದೆ ಹೋಗಬೇಕಾಗಿದೆ ಎಂದರ್ಥ: ಹೋಗಿ, ಬಂದು, ಇದ್ದು; ಹೋಗುತ್ತಾ; ಹೋಗದೆ; ಹೋದರೆ; ಹೋದರೂ; ಹೋದಾಗ; ಹೋಗಲು; ಹೋದುದರಿಂದ; ಎಂದು; ಎಂಬ. ಇವುಗಳ ಮುಂದೆ ಪೂರ್ಣವಿರಾಮ ಹಾಕಿದ ಮಾತ್ರಕ್ಕೆ ವಾಕ್ಯ ಪೂರ್ಣವಾಗುವುದಿಲ್ಲ.

ಗಡಿನಾಡಿನ ಮಕ್ಕಳು ಇಲ್ಲಿ ಎಡವುವುದಕ್ಕೆ ನನಗೆ ತೋರುವ ಒಂದು ಕಾರಣವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಇದನ್ನು ಅಜಾಗರೂಕತೆಯೆಂದು ಬಗೆದು ಮಕ್ಕಳನ್ನು ಗದರಿಸುವವರೇ ಹೆಚ್ಚು. ಮಲಯಾಳದ ಕ್ರಿಯಾಪದ ‘ನಾನು’, ‘ನೀನು’, ‘ಅವಳು’, ‘ಅವರು’ ಎಂಬ ಭೇದಕ್ಕೆ ತಕ್ಕಂತೆ ಬದಲಾಗುವುದಿಲ್ಲ. ‘ಞಾನ್ ವನ್ನು’, ‘ಅವಳ್ ವನ್ನು’, ‘ಅವರ್ ವನ್ನು’ ಎಲ್ಲವೂ ಪೂರ್ಣ ವಾಕ್ಯಗಳು. ಅದೇ ‘ವನ್ನು’ ಎಂಬ ರೂಪ ಇನ್ನೊಂದು ಕ್ರಿಯೆಗೆ ಕೊಂಡಿಯಾಗಿಯೂ ಬರುತ್ತದೆ: ‘ಅವನ್ ವನ್ನು ಪರಞ್ಞು’ ಎಂದರೆ ‘ಅವನು ಬಂದು ಹೇಳಿದನು’ ಎಂದರ್ಥ. ‘ಪೋಯಿ’ ಎಂಬುದೂ ಹಾಗೆಯೇ. ಹೋದ ಎಂಬುದಕ್ಕೂ ಹೋಗಿ ಎಂಬುದಕ್ಕೂ ಅಲ್ಲಿ ಒಂದೇ ರೂಪ. ಕನ್ನಡದಲ್ಲಿ ‘ಬಂದು’ ಎಂಬುದು ಕೊಂಡಿ ಮಾತ್ರ. ವಾಕ್ಯವನ್ನು ಮುಗಿಸಲು ‘ಬಂದೆ’, ‘ಬಂದಳು’, ‘ಬಂದರು’ ಎಂಬ ಬೇರೆ ಬೇರೆ ರೂಪಗಳು ಬೇಕು. ಎರಡು ಭಾಷೆಗಳ ನಡುವೆ ಬೆಳೆಯುವ ಮಗು ‘ನಾನು ನಿನ್ನೆ ಕುಂಬಳೆಗೆ ಹೋಗಿ.’ ಎಂದು ನಿಲ್ಲಿಸಿದರೆ ಅದಕ್ಕೆ ಸೋಮಾರಿತನ ಕಾರಣವಲ್ಲ. ಈ ವ್ಯತ್ಯಾಸವನ್ನು ಒಮ್ಮೆ ಬಿಡಿಸಿ ಹೇಳಿಕೊಟ್ಟರೆ ತಪ್ಪು ಬೇಗನೆ ನಿಲ್ಲುತ್ತದೆ. ತುಳುವಿನಲ್ಲಿ ಕ್ರಿಯಾಪದ ಕನ್ನಡದಂತೆಯೇ ವ್ಯಕ್ತಿಗೆ ತಕ್ಕಂತೆ ಬದಲಾಗುವುದರಿಂದ, ಮನೆಯಲ್ಲಿ ತುಳು ಮಾತನಾಡುವ ಮಕ್ಕಳಿಗೆ ಆ ಭಾಷೆಯ ಉದಾಹರಣೆಯನ್ನೇ ಕೊಡಬಹುದು.

ಈ ಪರೀಕ್ಷೆಗೆ ಎರಡು ಎಚ್ಚರಿಕೆಗಳಿವೆ. ಒಂದು, ಕ್ರಿಯಾಪದವಿಲ್ಲದ ವಾಕ್ಯವೆಲ್ಲ ಅಪೂರ್ಣವಲ್ಲ. ‘ಮಂಜೇಶ್ವರ ನಮ್ಮ ತಾಲೂಕು.’, ‘ಇದು ನನ್ನ ಎರಡನೆಯ ಅರ್ಜಿ.’ ಎಂಬಂಥ ವಾಕ್ಯಗಳು ನಾಮಪದದಲ್ಲಿಯೇ ಮುಗಿಯುತ್ತವೆ. ಇವುಗಳಿಗೆ ‘ಆಗಿದೆ’, ‘ಆಗಿರುತ್ತದೆ’ ಎಂದು ಬಾಲ ಕಟ್ಟುವ ಅಗತ್ಯವಿಲ್ಲ.

ಎರಡನೆಯದು ಹೆಚ್ಚು ಸೂಕ್ಷ್ಮವಾದದ್ದು. ‘ಮಾಡಿ’, ‘ಕರಗಿಸಿ’, ‘ಬೆರೆಸಿ’ ಎಂಬ ರೂಪಗಳು ಕೊಂಡಿಯೂ ಹೌದು, ಹೀಗೆ ಮಾಡಿರೆಂದು ಗೌರವದಿಂದ ಹೇಳುವ ವಿಧಿರೂಪವೂ ಹೌದು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ತಯಾರಿಸುವ ಸೂಚನೆಯೊಂದನ್ನು ಹೀಗೆ ಬರೆದರೆಂದು ಇಟ್ಟುಕೊಳ್ಳಿ: “ಮೈಲುತುತ್ತನ್ನು ನೀರಿನಲ್ಲಿ ಕರಗಿಸಿ ಸುಣ್ಣವನ್ನು ಕಲಸಿ ಅದಕ್ಕೆ ಹಾಕಿ”. ಯಾವುದಕ್ಕೆ ಯಾವುದನ್ನು ಹಾಕಬೇಕು? ಶೇಕಡಾ 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತನ್ನು 50 ಲೀಟರ್ ನೀರಿನಲ್ಲಿಯೂ 1 ಕಿಲೋ ಸುಣ್ಣವನ್ನು ಬೇರೆ ಪಾತ್ರೆಯಲ್ಲಿ ಇನ್ನೊಂದು 50 ಲೀಟರ್ ನೀರಿನಲ್ಲಿಯೂ ಕದಡಿ, ತುತ್ತಿನ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು. ಸುಣ್ಣದ ನೀರನ್ನು ತುತ್ತಿನ ನೀರಿಗೆ ಸುರಿಯುವುದಲ್ಲ. ಮೇಲಿನ ಸೂಚನೆಯನ್ನು ಓದಿ ತಿರುಗಾಮುರುಗಾ ಮಾಡಿದವರನ್ನು ದೂರಲಾಗದು. ಇಂತಹ ಕಡೆ ‘ಕರಗಿಸಿರಿ’ ಅಥವಾ ‘ಕರಗಿಸಬೇಕು’ ಎಂದು ವಾಕ್ಯವನ್ನು ಮುಗಿಸಿ, ಪೂರ್ಣವಿರಾಮ ಹಾಕಿ, ‘ಅದಕ್ಕೆ’ ಎಂಬುದರ ಜಾಗದಲ್ಲಿ ಪಾತ್ರೆಯಲ್ಲಿರುವುದರ ಹೆಸರನ್ನೇ ಬರೆಯಿರಿ.

ಹಂತ 3: ವಾಕ್ಯದ ತಲೆಯೂ ಕೊನೆಯೂ ಹೊಂದುತ್ತವೆಯೇ ನೋಡಿ

ಈಗ ಪ್ರತಿ ವಾಕ್ಯದ ಕರ್ತೃಪದಕ್ಕೆ ಬಣ್ಣದ ಪೆನ್ನಿನಿಂದ ಅಡಿಗೆರೆ ಹಾಕಿ, ನಡುವಿನ ಪದಗಳನ್ನೆಲ್ಲ ಬಿಟ್ಟು, ಅದನ್ನೂ ಕೊನೆಯ ಕ್ರಿಯಾಪದವನ್ನೂ ಮಾತ್ರ ಒಟ್ಟಿಗೆ ಓದಿ. ಮಾದರಿಯಲ್ಲಿ ‘ಮಕ್ಕಳು … ಕಷ್ಟವಾಗಿ’ ಎಂದಿದೆ. ಮಕ್ಕಳು ಕಷ್ಟವಾಗುವುದಿಲ್ಲ, ಮಕ್ಕಳಿಗೆ ಕಷ್ಟವಾಗುತ್ತದೆ. ವಾಕ್ಯವನ್ನು ಒಂದು ರೀತಿಯಲ್ಲಿ ಆರಂಭಿಸಿ ಇನ್ನೊಂದು ರೀತಿಯಲ್ಲಿ ಮುಗಿಸುವ ಈ ದೋಷ ಅರ್ಜಿಗಳಲ್ಲಿ ಅತಿ ಹೆಚ್ಚಾಗಿ ಕಾಣುತ್ತದೆ. ‘ನಾನು ಈ ಕೆಲಸದ ಅಗತ್ಯವಿದೆ’, ‘ನನ್ನ ತಂದೆಯವರು ಎರಡು ವರ್ಷಗಳಿಂದ ಅಸೌಖ್ಯವಿದೆ’ ಎಂಬುವೂ ಇದೇ ಜಾತಿಗೆ ಸೇರಿದವು. ಬೇಕು, ಇದೆ, ಆಗಿದೆ, ಗೊತ್ತಿದೆ, ಸಿಕ್ಕಿದೆ ಎಂದು ಮುಗಿಯುವ ವಾಕ್ಯಗಳಲ್ಲಿ, ಅನುಭವಿಸುವ ವ್ಯಕ್ತಿಗೆ ‘ಗೆ’, ‘ಇಗೆ’, ‘ಕ್ಕೆ’ ಪ್ರತ್ಯಯ ಬೇಕೇ ಎಂದು ತಪ್ಪದೆ ನೋಡಿ.

ವಚನ, ಲಿಂಗಗಳನ್ನೂ ಇಲ್ಲಿಯೇ ತಿದ್ದಿಬಿಡಿ. ‘ನಾನೂ ತಮ್ಮನೂ ಹೋದರು’ ಎಂಬುದು ತಪ್ಪು, ‘ಹೋದೆವು’ ಎಂದಾಗಬೇಕು. ಹವ್ಯಕ ಮನೆಗಳಲ್ಲಿ ‘ಅಬ್ಬೆ ಬಂತು’ ಎನ್ನುವುದು ಪ್ರೀತಿಯ, ಸರಿಯಾದ ಮಾತು. ಆದರೆ ಬರವಣಿಗೆಯ ಕನ್ನಡದಲ್ಲಿ ಅದು ‘ತಾಯಿಯವರು ಬಂದರು’ ಎಂದಾಗಬೇಕು.

ಹಂತ 4: ಯಾವುದಕ್ಕೆ ಯಾವುದು ಸಂಬಂಧಿಸಿದೆ ಎಂದು ಗುರುತಿಸಿ

ಬಿಡಿ ವಾಕ್ಯಗಳ ಪಟ್ಟಿಯನ್ನು ಮುಂದಿಟ್ಟುಕೊಂಡು, ಒಟ್ಟಿಗೆ ಇರಬೇಕಾದವುಗಳನ್ನು ಬದಿಯಲ್ಲಿ ಆವರಣ ಎಳೆದು ಸೇರಿಸಿ. ಸೇರಿಸುವ ಮೊದಲು ಸಂಬಂಧವೇನೆಂದು ಒಂದೇ ಪದದಲ್ಲಿ ಪಕ್ಕದಲ್ಲಿ ಬರೆಯಿರಿ: ಕಾರಣ, ಕಾಲ, ವಿರೋಧ, ಷರತ್ತು, ಉದ್ದೇಶ, ವಿವರಣೆ. ಸಂಬಂಧದ ಹೆಸರು ಹೊಳೆಯದಿದ್ದರೆ ಆ ಎರಡು ವಾಕ್ಯಗಳನ್ನು ಸೇರಿಸಲೇಬೇಡಿ. ಅವು ಬೇರೆಯಾಗಿಯೇ ಇರಲಿ. ನಮ್ಮ ಮಾದರಿಯಲ್ಲಿ ಮೊದಲೆರಡು ವಾಕ್ಯಗಳ ಸಂಬಂಧ ವಿವರಣೆ, ಮೂರು ನಾಲ್ಕರದ್ದೂ ವಿವರಣೆ, ಐದು ಆರರದ್ದು ಕಾಲ, ಆರು ಏಳರದ್ದು ವಿರೋಧ. ಎಂಟನೆಯದು ಇಡೀ ಅರ್ಜಿಯ ಬೇಡಿಕೆಯಾದುದರಿಂದ ಅದಕ್ಕೆ ತನ್ನದೇ ವಾಕ್ಯ ಬೇಕು.

ಹಂತ 5: ಸರಿಯಾದ ಕೊಂಡಿಯನ್ನು ಆರಿಸಿ ಜೋಡಿಸಿ

ಕನ್ನಡದಲ್ಲಿ ವಾಕ್ಯಗಳನ್ನು ಮುಖ್ಯವಾಗಿ ಕ್ರಿಯಾಪದದ ರೂಪವೇ ಜೋಡಿಸುತ್ತದೆ. ‘ಮತ್ತು’, ‘ಆದರೆ’ ಮೊದಲಾದ ಪದಗಳು ಅದರ ನಂತರದವು. ‘ಅವರು ಬಂದರು ಮತ್ತು ಸ್ಥಳವನ್ನು ನೋಡಿದರು ಮತ್ತು ಹಿಂದಿರುಗಿದರು’ ಎಂದು ಬರೆಯುವವರು ಯಾವ ತಪ್ಪನ್ನೂ ಮಾಡಲಿಲ್ಲವೆಂದು ನಂಬಿರುತ್ತಾರೆ. ಆದರೆ ‘ಅವರು ಬಂದು, ಸ್ಥಳವನ್ನು ನೋಡಿ ಹಿಂದಿರುಗಿದರು’ ಎಂಬುದೇ ಕನ್ನಡದ ನಡೆ. ‘ಮತ್ತು’ ಎಂಬುದನ್ನು ನಾಮಪದಗಳ ಪಟ್ಟಿಗೆ ಮೀಸಲಾಗಿಡಿ.

‘ಮಾಡಿ’, ‘ಬಂದು’ ಎಂಬ ರೂಪದಿಂದ ಜೋಡಿಸುವಾಗ ಎರಡೂ ಕ್ರಿಯೆಗಳಿಗೆ ಕರ್ತೃ ಒಬ್ಬನೇ ಆಗಿರಬೇಕು. ‘ಅಧ್ಯಾಪಕರು ತರಗತಿಗೆ ಬಂದು ಮಕ್ಕಳು ಎದ್ದು ನಿಂತರು’ ಎಂಬುದು ತಪ್ಪು, ಏಕೆಂದರೆ ಬಂದವರು ಬೇರೆ, ನಿಂತವರು ಬೇರೆ. ‘ಅಧ್ಯಾಪಕರು ತರಗತಿಗೆ ಬಂದಾಗ ಮಕ್ಕಳು ಎದ್ದು ನಿಂತರು’ ಎಂದರೆ ಸರಿ. ‘ಮಳೆ ಬಂದು ತೋಡು ತುಂಬಿತು’ ಎಂದು ನಾವೆಲ್ಲ ಹೇಳುತ್ತೇವಲ್ಲ ಎಂದು ಯಾರಾದರೂ ಕೇಳಬಹುದು. ಅದು ಸರಿಯಾದ ಕನ್ನಡವೇ. ಮೊದಲ ಘಟನೆಯಿಂದಲೇ ಎರಡನೆಯದು ತಾನಾಗಿ ಸಂಭವಿಸುವಾಗ ಭಾಷೆ ಇಷ್ಟು ಸಡಿಲ ಕೊಡುತ್ತದೆ. ಆದರೆ ಎರಡು ಕಡೆಯೂ ಮನುಷ್ಯರೇ ಕರ್ತೃಗಳಾಗಿದ್ದು, ಅವರು ಬೇರೆ ಬೇರೆಯಾಗಿದ್ದರೆ, ಈ ಸಡಿಲವನ್ನು ನೆಚ್ಚಬೇಡಿ. ಮಾದರಿಯ ‘ಕೊಟ್ಟು ಬಂದು ನೋಡಿ ಹೋಗಿ’ ಎಂಬುದು ಕೆಟ್ಟದ್ದು ಇದರಿಂದಲೇ: ಕೊಟ್ಟವರು ಊರಿನವರು, ನೋಡಿದವರು ಪಂಚಾಯತಿನವರು.

ಕರ್ತೃ ಬೇರೆಯಾದಾಗ ಸಂಬಂಧಕ್ಕೆ ತಕ್ಕ ರೂಪವನ್ನು ಆರಿಸಿಕೊಳ್ಳಬೇಕು. ಕಾಲಕ್ಕೆ ‘ಕೊಟ್ಟಾಗ’, ‘ಕೊಟ್ಟ ನಂತರ’, ‘ಕೊಡುವವರೆಗೆ’, ಕಾರಣಕ್ಕೆ ‘ಮುರಿದುದರಿಂದ’, ಷರತ್ತಿಗೆ ‘ಮುರಿದರೆ’, ವಿರೋಧಕ್ಕೆ ‘ನೋಡಿದರೂ’, ‘ನೋಡಿದ್ದರೂ’. ಒಂದು ಸಂಬಂಧಕ್ಕೆ ಒಂದೇ ಕೊಂಡಿ ಸಾಕು. ‘ಸಂಕ ಮುರಿದುದರಿಂದ ಆದ್ದರಿಂದ’, ‘ಬಂದು ನೋಡಿದರೂ ಆದರೆ’ ಎಂದು ಎರಡೆರಡು ಕೊಂಡಿಗಳನ್ನು ಹಾಕುವುದು ಮಾತಿನಲ್ಲಿ ಕೇಳಿಸದ, ಕಾಗದದಲ್ಲಿ ಕೂಡಲೇ ಕಣ್ಣಿಗೆ ಬೀಳುವ ದೋಷ.

ವಿವರಣೆಯ ಸಂಬಂಧಕ್ಕೆ ‘ಹೋಗುತ್ತಿದ್ದ’, ‘ಹಾಕಿದ್ದ’ ಎಂಬಂತಹ ವಿಶೇಷಣರೂಪ ಒಳ್ಳೆಯದು. ‘ಯಾವ ಮಕ್ಕಳು ಆ ಸಂಕದಲ್ಲಿ ಹೋಗುತ್ತಿದ್ದರೋ ಆ ಮಕ್ಕಳು’ ಎಂದು ಸುತ್ತಿ ಹೇಳುವುದಕ್ಕಿಂತ ‘ಆ ಸಂಕದಲ್ಲಿ ಹೋಗುತ್ತಿದ್ದ ಮಕ್ಕಳು’ ಎಂಬುದು ಚಿಕ್ಕದೂ ಸ್ಪಷ್ಟವೂ ಆಗಿದೆ. ಆದರೆ ಒಂದೇ ನಾಮಪದದ ಹಿಂದೆ ಇಂತಹ ಮೂರು ರೂಪಗಳನ್ನು ಪೋಣಿಸಬೇಡಿ. ಓದುಗನಿಗೆ ಯಾರ ಬಗ್ಗೆ ಓದುತ್ತಿದ್ದೇನೆಂದು ತಿಳಿಯುವ ಮೊದಲೇ ಉಸಿರು ಕಟ್ಟುತ್ತದೆ.

ನಿಷೇಧವಿರುವಾಗ ಇನ್ನೂ ಹೆಚ್ಚು ಎಚ್ಚರ ಬೇಕು. ‘ಸಿಬ್ಬಂದಿ ಸ್ಥಳಕ್ಕೆ ಬಂದು ಅಳತೆ ತೆಗೆಯಲಿಲ್ಲ’ ಎಂಬ ವಾಕ್ಯಕ್ಕೆ ಎರಡು ಅರ್ಥಗಳಿವೆ. ಬಂದರು, ಅಳತೆ ಮಾತ್ರ ತೆಗೆಯಲಿಲ್ಲ ಎಂಬುದು ಒಂದು. ಬಂದೂ ಇಲ್ಲ, ಅಳತೆ ತೆಗೆದೂ ಇಲ್ಲ ಎಂಬುದು ಇನ್ನೊಂದು. ಕೊನೆಯ ‘ಇಲ್ಲ’ ಎಷ್ಟು ದೂರ ಹಿಂದಕ್ಕೆ ಹೋಗುತ್ತದೆಂಬುದನ್ನು ವಾಕ್ಯ ಹೇಳುತ್ತಿಲ್ಲ. ಒಬ್ಬರ ಮೇಲೆ ದೂರು ಹೇಳುವ ಬರಹದಲ್ಲಿ ಇಂತಹ ವಾಕ್ಯವನ್ನು ಬಿಡುವುದು ಅವರಿಗೂ ಅನ್ಯಾಯ, ನಮಗೂ ನಷ್ಟ. ‘ಸಿಬ್ಬಂದಿ ಸ್ಥಳಕ್ಕೆ ಬಂದರೂ ಅಳತೆ ತೆಗೆಯಲಿಲ್ಲ’ ಎಂದೋ ‘ಸಿಬ್ಬಂದಿ ಸ್ಥಳಕ್ಕೆ ಬರಲೂ ಇಲ್ಲ, ಅಳತೆ ತೆಗೆಯಲೂ ಇಲ್ಲ’ ಎಂದೋ ಬಿಡಿಸಿ ಬರೆಯಿರಿ.

ಇನ್ನೊಬ್ಬರ ಮಾತನ್ನು ತರುವಾಗ ‘ನಾನು’ ಎಂಬ ಪದ ಯಾರದ್ದೆಂದು ನೋಡಿಕೊಳ್ಳಿ. ‘ನಾನು ಬರುತ್ತೇನೆ ಎಂದು ಅವನು ಹೇಳಿದನು’ ಎಂಬಲ್ಲಿ ಬರುವವನು ಅವನೋ ಬರೆಯುವವನೋ ಎಂಬ ಗೊಂದಲಕ್ಕೆ ಎಡೆಯಿದೆ. ‘ತಾನು ಬರುವುದಾಗಿ ಅವನು ಹೇಳಿದನು’ ಎಂದರೆ ಗೊಂದಲವಿಲ್ಲ. ಅವನ ಮಾತನ್ನೇ ಇದ್ದಂತೆ ಕೊಡಬೇಕಾದರೆ ಉದ್ಧರಣ ಚಿಹ್ನೆ ಹಾಕಿ.

ಎಷ್ಟು ವಾಕ್ಯಗಳನ್ನು ಸೇರಿಸಬಹುದು ಎಂಬ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ: ಒಂದು ಮುಖ್ಯ ಕ್ರಿಯಾಪದಕ್ಕೆ ಎರಡು, ಹೆಚ್ಚೆಂದರೆ ಮೂರು ಕೊಂಡಿಗಳು. ನುರಿತವರು ಇದಕ್ಕಿಂತ ಉದ್ದವಾಗಿಯೂ ಬರೆಯಬಲ್ಲರು, ಮತ್ತು ಉದ್ದವಾದ ವಾಕ್ಯ ತಾನೇ ದೋಷವಲ್ಲ. ಆದರೆ ಕಲಿಯುವ ಕಾಲದಲ್ಲಿ ಈ ಮಿತಿಯನ್ನು ಪಾಲಿಸಿದರೆ ವಾಕ್ಯ ಕೈತಪ್ಪುವುದಿಲ್ಲ.

ಹಂತ 6: ವಿರಾಮಚಿಹ್ನೆಗಳನ್ನು ಹಾಕಿ

ಹಿಂದಿನ ಹಂತಗಳು ಸರಿಯಾಗಿ ಮುಗಿದಿದ್ದರೆ ಇಲ್ಲಿ ಕೆಲಸ ಕಡಿಮೆ. ಮೊದಲು ಪೂರ್ಣವಿರಾಮಗಳನ್ನೆಲ್ಲ ಹಾಕಿ, ಆಮೇಲೆ ಅಲ್ಪವಿರಾಮಗಳಿಗೆ ಕೈ ಹಾಕಿ, ಉಳಿದವುಗಳನ್ನು ಕೊನೆಗೆ ನೋಡಿ.

ಪೂರ್ಣವಿರಾಮ ಮುಖ್ಯ ಕ್ರಿಯಾಪದದ ನಂತರ, ಅಥವಾ ನಾಮಪದದಲ್ಲಿ ಮುಗಿಯುವ ವಾಕ್ಯದ ಕೊನೆಯಲ್ಲಿ ಬರುತ್ತದೆ. ಪದಕ್ಕೂ ಚಿಹ್ನೆಗೂ ನಡುವೆ ಜಾಗ ಬಿಡಬಾರದು, ಚಿಹ್ನೆಯ ನಂತರ ಬಿಡಬೇಕು. ಮೊಬೈಲಿನ ಅಭ್ಯಾಸದಿಂದ ಎರಡು ಮೂರು ಚುಕ್ಕೆಗಳನ್ನು ಒಟ್ಟಿಗೆ ಹಾಕುವವರಿದ್ದಾರೆ. ಅದು ವಾಕ್ಯವನ್ನು ಮುಗಿಸಿತೋ ತೇಲಿಬಿಟ್ಟಿತೋ ತಿಳಿಯದು. ಮಾತನಾಡಿ ಬರೆಸುವ ಸೌಲಭ್ಯವನ್ನು ಬಳಸುವವರು ಬಂದ ಬರಹವನ್ನು ಹಂತ 2ರಿಂದ ಪುನಃ ಪರೀಕ್ಷಿಸಬೇಕು.

ಅಲ್ಪವಿರಾಮಕ್ಕೆ ಮುಖ್ಯವಾಗಿ ನಾಲ್ಕು ಜಾಗಗಳಿವೆ. ಸಂಬೋಧನೆಯ ನಂತರ: ‘ಮಾನ್ಯರೇ,’. ಒಂದೇ ಬಗೆಯ ಪದಗಳ ಪಟ್ಟಿಯಲ್ಲಿ: ‘ತೆಂಗು, ಅಡಿಕೆ ಮತ್ತು ಕಾಳುಮೆಣಸು’. ಪಟ್ಟಿಯನ್ನು ‘ಊ’ ಸೇರಿಸಿ ಬರೆಯುವಿರಾದರೆ ‘ತೆಂಗೂ ಅಡಿಕೆಯೂ ಕಾಳುಮೆಣಸೂ’ ಎಂದಾಗುತ್ತದೆ. ಆಗ ‘ಮತ್ತು’ ಬೇಡ. ಮೂರನೆಯದಾಗಿ, ಉದ್ದವಾದ ಉಪವಾಕ್ಯ ಮುಗಿದು ಮುಖ್ಯ ವಾಕ್ಯ ಆರಂಭವಾಗುವಲ್ಲಿ: ‘ಸ್ಥಳವನ್ನು ನೋಡಿ ಹೋಗಿದ್ದರೂ, ಕೆಲಸ ಆರಂಭವಾಗಿಲ್ಲ.’

ನಾಲ್ಕನೆಯ ಜಾಗವೇ ಹೆಚ್ಚು ಮುಖ್ಯ, ಅದನ್ನೇ ಹೆಚ್ಚಿನವರು ಮರೆಯುವುದು. ಪಕ್ಕದಲ್ಲಿರುವ ಕಾರಣಕ್ಕೆ ಎರಡು ಪದಗಳು ತಪ್ಪಾಗಿ ಅಂಟಿಕೊಳ್ಳುವಂತಿದ್ದರೆ ಅಲ್ಪವಿರಾಮ ಅವುಗಳನ್ನು ಬಿಡಿಸುತ್ತದೆ. ‘ಅವನು ಅಳುತ್ತಾ ಓಡಿಹೋದ ಹುಡುಗನನ್ನು ಹಿಡಿದನು’ ಎಂಬಲ್ಲಿ ಅತ್ತವರು ಯಾರು? ‘ಅವನು, ಅಳುತ್ತಾ ಓಡಿಹೋದ ಹುಡುಗನನ್ನು ಹಿಡಿದನು’ ಎಂದರೆ ಅತ್ತವನು ಹುಡುಗ. ‘ಅವನು ಅಳುತ್ತಾ, ಓಡಿಹೋದ ಹುಡುಗನನ್ನು ಹಿಡಿದನು’ ಎಂದರೆ ಅತ್ತವನು ಹಿಡಿದವನು. ಹಾಗೆಯೇ ‘ಮಂಗಳೂರಿನಿಂದ ಬಂದ ಅಧ್ಯಾಪಕರ ಮಗ’ ಎಂಬಲ್ಲಿ ಬಂದವರು ಅಧ್ಯಾಪಕರೆಂದು ಓದುಗ ತಿಳಿಯುತ್ತಾನೆ; ಬಂದದ್ದು ಮಗನಾದರೆ ‘ಮಂಗಳೂರಿನಿಂದ ಬಂದ, ಅಧ್ಯಾಪಕರ ಮಗ’ ಎಂದು ಬರೆಯಬೇಕು. ಅಲ್ಪವಿರಾಮವನ್ನು ನೆಚ್ಚಲು ಧೈರ್ಯ ಸಾಲದಿದ್ದರೆ, ‘ಅಧ್ಯಾಪಕರ ಮಗ ಮಂಗಳೂರಿನಿಂದ ಬಂದಿದ್ದನು’ ಎಂದು ಬೇರೆ ವಾಕ್ಯವನ್ನೇ ಮಾಡುವುದು ಕ್ಷೇಮ. ಮಲಯಾಳಕ್ಕೆ ಹೋಗಬೇಕಾದ ಅರ್ಜಿಗಳಲ್ಲಿ ನಾನು ಈ ಎರಡನೆಯ ದಾರಿಯನ್ನೇ ಹೇಳುತ್ತೇನೆ, ಏಕೆಂದರೆ ಅವಸರದ ಅನುವಾದದಲ್ಲಿ ಮೊದಲು ಬಿದ್ದುಹೋಗುವುದು ಅಲ್ಪವಿರಾಮ.

ಅಲ್ಪವಿರಾಮ ಬೇಡದ ಜಾಗಗಳೂ ಇವೆ. ಕರ್ತೃ, ಕ್ರಿಯಾಪದಗಳು ಹತ್ತಿರದಲ್ಲಿದ್ದರೆ ಅವುಗಳ ನಡುವೆ ಬೇಡ. ‘ಎಂದು’ ಎಂಬುದರ ನಂತರ ಅಭ್ಯಾಸಬಲದಿಂದ ಹಾಕುವುದು ಬೇಡ. ಎರಡು ಪೂರ್ಣ ವಾಕ್ಯಗಳ ನಡುವೆಯೂ ಅಲ್ಪವಿರಾಮ ಸಾಮಾನ್ಯವಾಗಿ ಸಾಲುವುದಿಲ್ಲ: ‘ಸಂಕ ಮುರಿದಿದೆ, ಮಕ್ಕಳು ಸುತ್ತಿ ಹೋಗುತ್ತಿದ್ದಾರೆ, ನಾವು ಅರ್ಜಿ ಕೊಟ್ಟಿದ್ದೇವೆ’ ಎಂದು ಸಾಲಾಗಿ ಬರೆದರೆ ಯಾವುದೂ ಮನಸ್ಸಿನಲ್ಲಿ ನಿಲ್ಲುವುದಿಲ್ಲ.

‘ಆದರೆ’ ಎಂಬ ಪದ ವಿರೋಧವನ್ನೂ ಷರತ್ತನ್ನೂ ಹೇಳಬಲ್ಲುದು. ‘ಸಭೆ ಗುರುವಾರ ಆದರೆ ನಾವು ಬರುತ್ತೇವೆ’ ಎಂದರೆ ಗುರುವಾರವಾದರೆ ಮಾತ್ರ ಬರುತ್ತೇವೆ ಎಂಬುದೂ ಆಗಬಹುದು. ವಿರೋಧವೇ ಉದ್ದೇಶವಾಗಿದ್ದರೆ ಅದಕ್ಕೆ ಮೊದಲು ಪೂರ್ಣವಿರಾಮವನ್ನೋ ಅರ್ಧವಿರಾಮವನ್ನೋ (;) ಹಾಕಿ. ಷರತ್ತಾಗಿದ್ದರೆ ‘ಗುರುವಾರವಾದರೆ’ ಎಂದು ಸೇರಿಸಿ ಬರೆಯಿರಿ.

ಅರ್ಧವಿರಾಮವನ್ನು ಹತ್ತಿರದ ಸಂಬಂಧವುಳ್ಳ ಎರಡು ಪೂರ್ಣ ವಾಕ್ಯಗಳ ನಡುವೆ ಬಳಸಬಹುದು. ಅ‌ನುಮಾನವಿದ್ದರೆ ಪೂರ್ಣವಿರಾಮವೇ ಇರಲಿ. ಪ್ರಶ್ನಾರ್ಥಕ ಚಿಹ್ನೆ ನೇರವಾಗಿ ಕೇಳುವ ಪ್ರಶ್ನೆಗೆ ಮಾತ್ರ. ‘ಕೆಲಸ ಯಾವಾಗ ಆರಂಭವಾಗುತ್ತದೆಂದು ತಿಳಿಸಬೇಕು’ ಎಂಬುದಕ್ಕೆ ಬೇಡ. ಭಾವಸೂಚಕ ಚಿಹ್ನೆಗೆ ಅರ್ಜಿಯಲ್ಲಿಯೂ ವರದಿಯಲ್ಲಿಯೂ ಕೆಲಸವಿಲ್ಲ.

ಹಂತ 7: ಗಟ್ಟಿಯಾಗಿ ಓದಿ, ಇನ್ನೊಬ್ಬರಿಂದ ಓದಿಸಿ

ಬರಹವನ್ನು ಒಂದು ಗಂಟೆಯಾದರೂ ಬದಿಗಿಟ್ಟು, ಆಮೇಲೆ ಗಟ್ಟಿಯಾಗಿ ಓದಿ. ಚಿಹ್ನೆಯಿಲ್ಲದ ಕಡೆ ನಾಲಿಗೆ ತಾನಾಗಿ ನಿಂತರೆ ಅಲ್ಲಿ ಏನೋ ಬೇಕಾಗಿದೆ. ಚಿಹ್ನೆಯಿದ್ದರೂ ನಿಲ್ಲದೆ ಮುಂದೆ ಹೋದರೆ ಅದು ಹೆಚ್ಚಾಗಿದೆ. ಈ ಪರೀಕ್ಷೆ ಬಹುತೇಕ ಸರಿಯಾಗುತ್ತದೆ. ಆದರೆ ಸ್ವಂತ ಬರಹವನ್ನು ಓದುವಾಗ ನಮ್ಮ ದನಿಯೇ ಇಲ್ಲದ ಅರ್ಥವನ್ನು ತುಂಬಿಬಿಡುವುದುಂಟು. ವಿಷಯ ಗೊತ್ತಿಲ್ಲದ ಓದುಗ ಬೇಕಾಗುವುದು ಇದಕ್ಕಾಗಿ.

ಓದುವಾಗ ಈ ಅಪಾಯದ ಲಕ್ಷಣಗಳನ್ನು ಹುಡುಕಿ. ಒಂದೇ ವಾಕ್ಯದಲ್ಲಿ ‘ಇದ್ದು’, ‘ಆಗಿದ್ದು’, ‘ನಡೆದಿದ್ದು’ ಎಂಬ ರೂಪಗಳು ಎರಡಕ್ಕಿಂತ ಹೆಚ್ಚು ಸಲ ಬಂದಿದ್ದರೆ, ಬರೆದವರು ವಾಕ್ಯವನ್ನು ಮುಗಿಸಲು ಹಿಂಜರಿದಿದ್ದಾರೆ ಎಂದು ತಿಳಿಯಬೇಕು. ಪತ್ರಿಕಾ ವರದಿಗಳನ್ನು ಅನುಕರಿಸುವವರಲ್ಲಿ ಇದು ಹೆಚ್ಚು. ‘ಅದು’, ‘ಅವರು’, ‘ಅಲ್ಲಿ’ ಎಂಬ ಸರ್ವನಾಮಕ್ಕೆ ಬೆರಳಿಟ್ಟು, ಅದು ಸೂಚಿಸುವ ಹೆಸರನ್ನು ಹಿಂದಿನ ಎರಡು ವಾಕ್ಯಗಳೊಳಗೆ ತೋರಿಸಲಾಗದಿದ್ದರೆ ಹೆಸರನ್ನೇ ಬರೆಯಿರಿ. ನಾಲ್ಕು ಗೆರೆಗಳಷ್ಟು ದೂರ ಪೂರ್ಣವಿರಾಮವಿಲ್ಲದಿದ್ದರೆ ಹಂತ 1ಕ್ಕೆ ಮರಳಿ. ಎಲ್ಲ ವಾಕ್ಯಗಳೂ ಮೂರು ನಾಲ್ಕು ಪದಗಳಲ್ಲೇ ಮುಗಿಯುತ್ತಿದ್ದರೆ ಹಂತ 4ನ್ನು ನೀವು ಮಾಡಿಯೇ ಇಲ್ಲ.

ಓದಿದವರನ್ನು ‘ಸರಿಯಾಗಿದೆಯೇ’ ಎಂದು ಕೇಳಬೇಡಿ, ಸಂಕೋಚದಿಂದ ಹೌದೆಂದುಬಿಡುತ್ತಾರೆ. ‘ಯಾರು ಯಾರಿಗೆ ಏನು ಮಾಡಬೇಕೆಂದು ಇದರಲ್ಲಿದೆ?’ ಎಂದು ಕೇಳಿ, ಅವರ ಉತ್ತರವನ್ನು ನಿಮ್ಮ ಮೊದಲ ಹಂತದ ಪಟ್ಟಿಯೊಂದಿಗೆ ಹೋಲಿಸಿ. ವ್ಯತ್ಯಾಸ ಕಂಡ ಕಡೆ ತಿದ್ದಬೇಕಾದುದು ನಿಮ್ಮ ವಾಕ್ಯವನ್ನು. ಅವರಿಗೆ ಬಾಯಿಮಾತಿನಲ್ಲಿ ವಿವರಿಸಿ ಹೇಳಿದರೆ ಸಾಲದು, ಕಡತದ ಜೊತೆಗೆ ನೀವು ಹೋಗಲಾರಿರಿ.

ತಿದ್ದಿದ ಮಾದರಿ

“ಮಾನ್ಯರೇ,

ನಮ್ಮ ಬೈಲಿನ ತೋಡಿಗೆ ಹಾಕಿದ್ದ ಕಾಲುಸಂಕವು ಕಳೆದ ಜುಲೈ ತಿಂಗಳ ಮಳೆಗೆ ಮುರಿದುಬಿದ್ದಿದೆ. ಆ ಸಂಕದ ಮೇಲಿಂದ ಶಾಲೆಗೆ ಹೋಗುತ್ತಿದ್ದ ಮಕ್ಕಳು ಈಗ 2 ಕಿಲೋಮೀಟರ್ ಸುತ್ತಿ ನಡೆಯುತ್ತಿದ್ದಾರೆ. ಈ ಕುರಿತು ನಾವು ಆಗಸ್ಟ್ ತಿಂಗಳಲ್ಲಿ ಅರ್ಜಿ ಕೊಟ್ಟ ನಂತರ ಪಂಚಾಯತಿನ ಸಿಬ್ಬಂದಿ ಬಂದು ಸ್ಥಳವನ್ನು ನೋಡಿದ್ದರೂ, ಕೆಲಸ ಇನ್ನೂ ಆರಂಭವಾಗಿಲ್ಲ. ಆದುದರಿಂದ ಮುಂದಿನ ಮಳೆಗಾಲಕ್ಕೆ ಮೊದಲು ಹೊಸ ಸಂಕವನ್ನು ಕಟ್ಟಿಸಿಕೊಡಬೇಕೆಂದು ವಿನಂತಿಸುತ್ತೇವೆ.”

ಎಂಟು ಬಿಡಿ ವಾಕ್ಯಗಳು ನಾಲ್ಕಾಗಿವೆ. ಮೂರನೆಯ ವಾಕ್ಯದಲ್ಲಿ ಮೂರು ಕೊಂಡಿಗಳಿವೆ: ಕಾಲಕ್ಕೆ ‘ಕೊಟ್ಟ ನಂತರ’, ಒಬ್ಬರೇ ಮಾಡಿದ ಎರಡು ಕ್ರಿಯೆಗಳಿಗೆ ‘ಬಂದು’, ವಿರೋಧಕ್ಕೆ ‘ನೋಡಿದ್ದರೂ’. ಅಲ್ಪವಿರಾಮಗಳು ಎರಡೇ, ಸಂಬೋಧನೆಯ ನಂತರ ಒಂದು ಮತ್ತು ಉಪವಾಕ್ಯ ಮುಗಿದಲ್ಲಿ ಒಂದು. ಮೂಲದಲ್ಲಿದ್ದ ‘ತುಂಬಾ ಕಷ್ಟವಾಗಿ’ ಎಂಬುದನ್ನು ನಾನು ಬಿಟ್ಟಿದ್ದೇನೆ; 2 ಕಿಲೋಮೀಟರ್ ಎಂಬ ಅಳತೆ ಅದನ್ನು ಹೇಳಿದೆ. ಇದನ್ನು ನೋಡಿ ನಕಲು ಮಾಡುವುದಕ್ಕಿಂತ, ನೀವು ಈ ಹಿಂದೆ ಬರೆದು ಉತ್ತರ ಬಾರದ ಅರ್ಜಿಯೊಂದರ ಪ್ರತಿ ಮನೆಯಲ್ಲಿದ್ದರೆ ಅದನ್ನು ತೆಗೆದು, ಮೊದಲ ಹಂತದಿಂದ ಒಮ್ಮೆ ಬಿಡಿಸಿ ನೋಡಿ.